ಅಂಗಡಿ ಅಸಲಿ, ಅಕೌಂಟ್ ನಕಲಿ

(ತೆರೆಯ ಮೇಲೆ ಅಕ್ಕಪಕ್ಕ ಎರಡು ಪ್ರೊಫೈಲ್. ಲೋಗೋ ಒಂದೇ, ಹೆಸರೂ ಒಂದೇ.)

ಇವೆರಡರಲ್ಲಿ ನಕಲಿ ಯಾವುದು, ಹೇಳಿ ನೋಡೋಣ. ಗೊತ್ತಾಗಲಿಲ್ಲ ಅಲ್ವಾ? ಲೋಗೋ, ಫೋಟೋ, ಬರಹ ಎಲ್ಲವನ್ನೂ ಅಸಲಿ ಪೇಜಿನಿಂದಲೇ ಎತ್ತಿದ್ದಾರೆ.

(ಯೂಸರ್‌ನೇಮ್ ದೊಡ್ಡದಾಗುತ್ತದೆ.)

ಕೊನೆಯಲ್ಲಿ ನೋಡಿ, ಒಂದು ಅಂಡರ್‌ಸ್ಕೋರ್, ಅಂದರೆ ಕೆಳಗಿನ ಅಡ್ಡಗೆರೆ, ಜಾಸ್ತಿ ಇದೆ. ವ್ಯತ್ಯಾಸ ಅಷ್ಟೇ.

ಹಾಗಾಗಿ ಮುಖ ನೋಡಬೇಡಿ, ಜಾತಕ ನೋಡಿ. ಇನ್‌ಸ್ಟಾಗ್ರಾಮ್ ಪ್ರೊಫೈಲಿನ ಮೂರು ಚುಕ್ಕಿ ಒತ್ತಿದರೆ 'ಅಬೌಟ್ ದಿಸ್ ಅಕೌಂಟ್' ಸಿಗುತ್ತದೆ. ಅಕೌಂಟ್ ಯಾವಾಗ ಶುರುವಾಯಿತು ಎಂಬುದು ಅಲ್ಲಿರುತ್ತದೆ. ಫೇಸ್‌ಬುಕ್ ಪೇಜಿಗೆ 'ಪೇಜ್ ಟ್ರಾನ್ಸ್‌ಪರೆನ್ಸಿ' ಇದೆ, ಹೆಸರು ಬದಲಾಯಿಸಿದ್ದರೆ ಅದೂ ಕಾಣುತ್ತದೆ. ಹತ್ತು ವರ್ಷದ ಕಂಪನಿಯ ಪೇಜ್ ಹೋದ ವಾರ ಹುಟ್ಟಿದ್ದರೆ ಬಾಕಿ ಕತೆ ನಾನು ಹೇಳಬೇಕಾಗಿಲ್ಲ.

ಅಸಲಿ ಅಕೌಂಟ್ ಎಂಬುದರ ಗುರುತು ಅಂತ ನಾವು ನಂಬುವ ನೀಲಿ ಟಿಕ್ ಇದೆಯಲ್ಲ ಅಂತೀರಾ? 2022ರ ನವೆಂಬರ್‌ನಲ್ಲಿ ಟ್ವಿಟರ್ ಆ ಟಿಕ್ಕನ್ನು ತಿಂಗಳಿಗೆ 8 ಡಾಲರ್‌ಗೆ ಮಾರಲು ಶುರು ಮಾಡಿತು. ಯಾರೋ ಎಲೈ ಲಿಲ್ಲಿ ಎಂಬ ಔಷಧ ಕಂಪನಿಯ ಹೆಸರಲ್ಲಿ ಟಿಕ್ ಕೊಂಡು, ಇನ್ಸುಲಿನ್ ಇನ್ಮುಂದೆ ಉಚಿತ ಎಂದು ಬರೆದುಬಿಟ್ಟರು. ಕೊನೆಗೆ ಅಸಲಿ ಕಂಪನಿಯೇ ಕ್ಷಮೆ ಕೇಳಬೇಕಾಯಿತು!

(ಕಮೆಂಟುಗಳ ಪಟ್ಟಿ.)

ಟಿಕ್‌ಗಿಂತ ಮುಖ್ಯವಾದ ಪ್ರಶ್ನೆ, ಮಾತು ಶುರು ಮಾಡಿದ್ದು ಯಾರು? ನೀವು ಕಂಪನಿಯ ಪೋಸ್ಟಿನ ಕೆಳಗೆ ದೂರು ಬರೆಯುತ್ತೀರಿ. ನಿಮಿಷದೊಳಗೆ 'ಕಸ್ಟಮರ್ ಕೇರ್' ಮೆಸೇಜ್ ಬರುತ್ತದೆ. ಅಷ್ಟು ಚುರುಕಾದ ಕಸ್ಟಮರ್ ಕೇರ್ ನಾನಂತೂ ನೋಡಿಲ್ಲ. ಅದು ಒಂದು ಲಿಂಕ್ ಕೊಡುತ್ತದೆ, ಆಮೇಲೆ ಓಟಿಪಿ ಕೇಳುತ್ತದೆ. ಉತ್ತರಿಸಬೇಡಿ. ಕಂಪನಿಯ ವೆಬ್‌ಸೈಟನ್ನು ನೀವೇ ಟೈಪ್ ಮಾಡಿ ತೆರೆಯಿರಿ, ಅಲ್ಲಿರುವ ನಂಬರಿಗೆ ಫೋನ್ ಮಾಡಿ. ದುಡ್ಡು ಈಗಾಗಲೇ ಹೋಗಿದ್ದರೆ, ಈ ವಿಡಿಯೋ ನಿಲ್ಲಿಸಿ ಮೊದಲು ಬ್ಯಾಂಕಿಗೆ ಕರೆ ಮಾಡಿ.

ಈಗ ವ್ಯಾಪಾರ ಮಾಡುವವರಿಗೆ. ಗ್ರಾಹಕರು ನಕಲಿ ಇದೆ ಅನ್ನುತ್ತಾರೆ, ನೀವು ಹುಡುಕಿದರೆ ಏನೂ ಕಾಣುವುದಿಲ್ಲ. ಏಕೆಂದರೆ ಕಳ್ಳ ಮೊದಲು ಬ್ಲಾಕ್ ಮಾಡುವುದೇ ನಿಮ್ಮನ್ನು! ಸ್ನೇಹಿತರ ಫೋನಿನಿಂದ ನೋಡಿ.

ನೋಡಿದ ಕೂಡಲೇ ರಿಪೋರ್ಟ್ ಒತ್ತಬೇಡಿ. ಪ್ರೊಫೈಲ್ ಲಿಂಕ್, ಸ್ಕ್ರೀನ್‌ಶಾಟ್, ಗ್ರಾಹಕರಿಗೆ ಬಂದ ಮೆಸೇಜ್, ದುಡ್ಡು ಹೋದ ಖಾತೆಯ ವಿವರ, ಎಲ್ಲ ಮೊದಲು ಉಳಿಸಿಕೊಳ್ಳಿ. ಪೇಜ್ ಅಳಿಸಿಹೋದ ಮೇಲೆ ಪೊಲೀಸರಿಗೆ ತೋರಿಸಲು ಏನೂ ಉಳಿಯುವುದಿಲ್ಲ.

ಆಮೇಲೆ 'ನಮ್ಮಂತೆ ನಟಿಸುತ್ತಿದ್ದಾರೆ' ಎಂಬ ಕಾರಣ ಆರಿಸಿ ರಿಪೋರ್ಟ್ ಮಾಡಿ. ಸುಮ್ನೆ 'ಸ್ಪ್ಯಾಮ್' ಎಂದು ಒತ್ತಿದರೆ ನೂರಾರು ದೂರುಗಳ ರಾಶಿಯಲ್ಲಿ ಅದೂ ಒಂದಾಗುತ್ತದೆ. ಟ್ರೇಡ್‌ಮಾರ್ಕ್ ನೋಂದಣಿ ಇದ್ದರೆ ಅದಕ್ಕೇ ಬೇರೆ ಫಾರ್ಮ್ ಇದೆ, ಅದನ್ನೂ ತುಂಬಿ. ನಿಮ್ಮ ಪೇಜಿನಲ್ಲಿ ಅಸಲಿ ಯೂಸರ್‌ನೇಮ್ ಬರೆದು ಪೋಸ್ಟ್ ಹಾಕಿ ಪಿನ್ ಮಾಡಿ, ಅಂದರೆ ಎಲ್ಲಕ್ಕಿಂತ ಮೇಲೆ ಕಾಣುವಂತೆ ಇಡಿ. ನಾಚಿಕೊಂಡು ಬಚ್ಚಿಟ್ಟರೆ ಲಾಭ ಕಳ್ಳನಿಗೇ.

ಒಂದನ್ನು ಅಳಿಸಿದರೆ ಇನ್ನೊಂದು ಹುಟ್ಟುತ್ತದೆ, ನಿಜ. ಆಗ 'ನಕಲಿ ಅಕೌಂಟ್ ತೆಗೆಸಿಕೊಡುತ್ತೇವೆ, ಇಷ್ಟು ಫೀಸು' ಎನ್ನುವವರು ಬರುತ್ತಾರೆ. ಅವರೂ ಅದೇ ಸಂತೆಯವರು.

(ಚಾನೆಲ್ ಲೋಗೋ.)

ಈ ವಿಡಿಯೋದ ಕೆಳಗೂ ನಮ್ಮದೇ ಲೋಗೋ ಹಾಕಿಕೊಂಡು 'ಬಹುಮಾನ ಗೆದ್ದಿದ್ದೀರಿ, ಟೆಲಿಗ್ರಾಮ್‌ಗೆ ಬನ್ನಿ' ಎಂದು ಯಾರಾದರೂ ಬರೆಯಬಹುದು. ನಾವು ಯಾವ ಬಹುಮಾನವನ್ನೂ ಇಟ್ಟಿಲ್ಲ.