ಮೂರು ಒಲಿಂಪಿಕ್ಸ್ ಚಿನ್ನ, ಆದರೂ ನೆರವು ಕೇಳಬೇಕಾಯಿತು: ಮ್ಯಾಗಿ ಸ್ಟೆಫೆನ್ಸ್

ನಮಸ್ಕಾರ. 2024ರ ಮೇ ತಿಂಗಳು. ಪ್ಯಾರಿಸ್ ಒಲಿಂಪಿಕ್ಸ್ ಹತ್ತಿರ ಬಂದಿತ್ತು. ಅಮೆರಿಕದ ಮಹಿಳಾ ವಾಟರ್ ಪೋಲೋ ತಂಡದ ಕ್ಯಾಪ್ಟನ್ ಮ್ಯಾಗಿ ಸ್ಟೆಫೆನ್ಸ್ ಇನ್‌ಸ್ಟಾಗ್ರಾಂನಲ್ಲಿ ಒಂದು ವಿಷಯ ಬರೆದರು. ಒಲಿಂಪಿಕ್ಸ್ ಆಡುವವರಲ್ಲಿ ಹೆಚ್ಚಿನವರು ಜೀವನ ನಡೆಸಲು ಬೇರೆ ಕೆಲಸವನ್ನೂ ಮಾಡಬೇಕಾಗುತ್ತದೆ, ನಮಗೆ ಬೆಂಬಲ ಬೇಕು ಅಂತ. ಆಗಲೇ ಅವರ ಕೈಯಲ್ಲಿ ಮೂರು ಒಲಿಂಪಿಕ್ಸ್ ಚಿನ್ನ ಇತ್ತು!

ಈ ಆಟ ಎಷ್ಟು ಕಷ್ಟ ಅಂತ ಮೊದಲು ನೋಡೋಣ.

[ದೃಶ್ಯ: ನೀರಿನಡಿಯ ಕ್ಯಾಮೆರಾ, ಆಟಗಾರ್ತಿಯರ ಕಾಲುಗಳು]

ಕೊಳದಲ್ಲಿ ಈಜುತ್ತಾ ಎದುರಾಳಿಯ ಗೋಲಿಗೆ ಚೆಂಡು ಎಸೆಯುವ ಆಟ ಇದು. ಒಂದು ತಂಡದಲ್ಲಿ ಏಳು ಜನ. ಎಂಟು ನಿಮಿಷದ ನಾಲ್ಕು ಕ್ವಾರ್ಟರ್. ಕೊಳದ ತಳಕ್ಕೆ ಕಾಲೂರುವಂತಿಲ್ಲ. ಗೋಲ್‌ಕೀಪರ್ ಬಿಟ್ಟು ಬೇರೆ ಯಾರೂ ಎರಡು ಕೈಯಲ್ಲಿ ಚೆಂಡು ಹಿಡಿಯುವಂತಿಲ್ಲ. ಎರಡೂ ಕಾಲನ್ನು ಒಂದಾದ ಮೇಲೊಂದು ಸುತ್ತಿಸುತ್ತಾ ತೇಲಬೇಕು. ಇದಕ್ಕೆ ಎಗ್‌ಬೀಟರ್ ಅಂತಾರೆ. ಎಸೆಯುವಾಗ ಸೊಂಟದವರೆಗೂ ಮೈ ನೀರಿನಿಂದ ಮೇಲೆದ್ದು ಬರುತ್ತದಲ್ವಾ, ಆ ಬಲ ಬರುವುದು ಈ ಕಾಲುಗಳಿಂದಲೇ. ಮೇಲಿಂದ ನೋಡಿದರೆ ಹ್ಯಾಂಡ್‌ಬಾಲ್, ನೀರೊಳಗೆ ಮಾತ್ರ ಕಬಡ್ಡಿ. ಹಿಡಿಯುವುದು, ಎಳೆಯುವುದು, ಒದೆಯುವುದು ನಡೆದೇ ಇರುತ್ತದೆ. ಎಲ್ಲವೂ ರೆಫರಿ ಕಣ್ಣಿಗೆ ಬೀಳುವುದಿಲ್ಲ.

ಮ್ಯಾಗಿ ಹುಟ್ಟಿದ್ದು 1993ರಲ್ಲಿ, ಬೆಳೆದದ್ದು ಕ್ಯಾಲಿಫೋರ್ನಿಯಾದ ಡ್ಯಾನ್‌ವಿಲ್‌ನಲ್ಲಿ. ತಂದೆ ಕಾರ್ಲೋಸ್ ಪೋರ್ಟೊರಿಕೋ ಪರ ಇದೇ ಆಟ ಆಡಿದವರು. ಅಕ್ಕ ಜೆಸ್ಸಿಕಾ 2008ರಲ್ಲೇ ಒಲಿಂಪಿಕ್ಸ್ ಬೆಳ್ಳಿ ಗೆದ್ದಿದ್ದರು.

2012ರ ಲಂಡನ್‌ನಲ್ಲಿ ಅಕ್ಕ ತಂಗಿ ಒಂದೇ ತಂಡದಲ್ಲಿ ಆಡಿದರು. ಆಗ ಮ್ಯಾಗಿಗೆ 19 ವರ್ಷ. ಹಂಗೆರಿ ಮೇಲಿನ ಮೊದಲ ಪಂದ್ಯದಲ್ಲೇ ತಂಡದ 14 ಗೋಲುಗಳಲ್ಲಿ 7 ಅವರದ್ದು. ಗೆದ್ದದ್ದು ಒಂದೇ ಗೋಲಿನ ಅಂತರದಲ್ಲಿ. ಸ್ಪೇನ್ ಎದುರಿನ ಫೈನಲ್‌ನಲ್ಲಿ 8ರಲ್ಲಿ 5 ಅವರೇ ಹೊಡೆದರು. ಅಷ್ಟು ಚಿಕ್ಕ ವಯಸ್ಸಿನಲ್ಲಿ, ಅಷ್ಟು ದೊಡ್ಡ ವೇದಿಕೆಯಲ್ಲಿ ಇಂಥ ಆಟ ನೋಡಿದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ರಿಯೋದಲ್ಲಿ ಮತ್ತೆ ಚಿನ್ನ. ನಡುವೆ ಸ್ಟ್ಯಾನ್‌ಫರ್ಡ್‌ನಲ್ಲಿ ಓದು. ಟೋಕಿಯೋದಲ್ಲಿ ಮೂಗು ಮುರಿದರೂ ಕೊಳ ಬಿಡಲಿಲ್ಲ. ಇಟಲಿಯ ತಾನಿಯಾ ಡಿ ಮಾರಿಯೋ ಹೆಸರಿನಲ್ಲಿದ್ದ 47 ಒಲಿಂಪಿಕ್ಸ್ ಗೋಲುಗಳ ದಾಖಲೆಯನ್ನು ಅಲ್ಲೇ ದಾಟಿದರು. ಮೂರನೇ ಚಿನ್ನವೂ ಬಂತು.

ಹಾಗಾದರೆ ದುಡ್ಡು ಯಾಕಿಲ್ಲ? ಗಂಡಸರ ವಾಟರ್ ಪೋಲೋ 1900ರಲ್ಲೇ ಒಲಿಂಪಿಕ್ಸ್‌ಗೆ ಬಂತು. ಹೆಂಗಸರು ಪೂರಾ ನೂರು ವರ್ಷ ಕಾದು, 2000ದಲ್ಲಿ ಸಿಡ್ನಿಯಲ್ಲಿ ಮೊದಲ ಬಾರಿ ಆಡಿದರು. ನಾಲ್ಕು ವರ್ಷಕ್ಕೊಮ್ಮೆ ಮಾತ್ರ ಜನ ನೋಡುವ ಆಟಕ್ಕೆ ಜಾಹೀರಾತುದಾರರು ಸುಲಭಕ್ಕೆ ಬರುವುದಿಲ್ಲ. ಮ್ಯಾಗಿ ತಮ್ಮ ಹೆಸರನ್ನು ಇಡೀ ತಂಡಕ್ಕಾಗಿ ಬಳಸಿದರು. ಅವರ ಗೋಲುಗಳಿಗಿಂತ ನನಗೆ ಇದೇ ಜಾಸ್ತಿ ಇಷ್ಟ.

[ದೃಶ್ಯ: ಪ್ಯಾರಿಸ್, ಗ್ಯಾಲರಿಯಲ್ಲಿ ಫ್ಲೇವರ್ ಫ್ಲಾವ್]

ಅವರ ಮಾತಿಗೆ ಓಗೊಟ್ಟವರು ರ‍್ಯಾಪರ್ ಫ್ಲೇವರ್ ಫ್ಲಾವ್. ಐದು ವರ್ಷದ ಪ್ರಾಯೋಜಕತ್ವಕ್ಕೆ ಸಹಿ ಹಾಕಿದರು, ಪ್ಯಾರಿಸ್‌ಗೂ ಬಂದು ಕೂಗಿ ಹುರಿದುಂಬಿಸಿದರು. ಸೆಮಿಫೈನಲ್‌ನಲ್ಲಿ ಆಸ್ಟ್ರೇಲಿಯಾ ಎದುರು ಪೆನಾಲ್ಟಿ ಶೂಟೌಟ್‌ನಲ್ಲಿ ಸೋಲು. ಕಂಚಿನ ಪಂದ್ಯದಲ್ಲಿ ನೆದರ್‌ಲ್ಯಾಂಡ್ಸ್‌ಗೆ 11-10ರಿಂದ ಸೋಲು. ಮ್ಯಾಗಿ ತಮ್ಮ ನಾಲ್ಕನೇ ಒಲಿಂಪಿಕ್ಸ್‌ನಿಂದ ಪದಕವಿಲ್ಲದೆ ಮರಳಿದರು. ಆದರೆ ಆ ಐದು ವರ್ಷದೊಳಗೆ 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್ ಕೂಡ ಬರುತ್ತದೆ.