ಅಕ್ಕಿ ಇಲ್ಲದ ದಿನದ ಇಡ್ಲಿ

ಸ್ನೇಹಿತರೇ, ಮಾರುಕಟ್ಟೆ ಕುಸಿದಾಗ ಉದ್ಯಮ ನಡೆಸುವುದು ಹೇಗೆ ಎಂದು ಮಾತನಾಡಲು ಕರೆದಿದ್ದೀರಿ. ನಾನು ಬೆಂಗಳೂರಿನ ಕೈಗಾರಿಕಾ ಪ್ರದೇಶ ಪೀಣ್ಯದಲ್ಲಿ, ಲೋಹದ ಕಂಬಿಯನ್ನು ತಿರುಗಿಸಿ ಕಡೆಯುವ ಲೇತ್ ಯಂತ್ರದ ಮುಂದೆ ನಿಂತು ಬೆಳೆದವನು, ಅರ್ಥಶಾಸ್ತ್ರ ಓದಿದವನಲ್ಲ. ಹಾಗಾಗಿ ಇಡ್ಲಿಯಿಂದ ಶುರು ಮಾಡುತ್ತೇನೆ.

1942ರಲ್ಲಿ ಬರ್ಮಾ ಜಪಾನಿನ ವಶವಾಯಿತು. ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತಿತು. ಅಕ್ಕಿಗೇ ತತ್ವಾರವಾದರೆ ಹೋಟೆಲಿನವರು ಇಡ್ಲಿ ಮಾಡುವುದು ಯಾವುದರಲ್ಲಿ? ರವೆ ಇಡ್ಲಿ ಹುಟ್ಟಿದ್ದು ಆ ಯುದ್ಧಕಾಲದಲ್ಲೇ, ನಮ್ಮ ಅಡುಗೆಮನೆಯಲ್ಲೇ ಎಂದು ಬೆಂಗಳೂರಿನ ಎಂಟಿಆರ್ ಹೋಟೆಲಿನವರು ಹೇಳುತ್ತಾರೆ. ಅದನ್ನು ಮಾಡುವ ಬಗೆಯನ್ನೊಮ್ಮೆ ಗಮನಿಸಿ. ಸಾಸಿವೆ, ಕಡಲೆಬೇಳೆಯ ಒಗ್ಗರಣೆ ಹಾಕಿ ರವೆ ಹುರಿಯುವುದು ಉಪ್ಪಿಟ್ಟಿನ ಕೆಲಸ. ತಟ್ಟೆ ಮತ್ತು ಹಬೆ ಇಡ್ಲಿಯವು. ರಾತ್ರಿಯಿಡೀ ಹಿಟ್ಟು ಹುದುಗಬೇಕಾದ ಜಾಗದಲ್ಲಿ ಮೊಸರು ಮತ್ತು ಸೋಡ ಬಂದವು. ಹೊಸ ಪಾತ್ರೆ ಬೇಕಾಗಲಿಲ್ಲ, ಹೊಸ ಭಟ್ಟರೂ ಬೇಕಾಗಲಿಲ್ಲ. ಅಕ್ಕಿ ಹೋಗಿತ್ತು, ಕೈಯ ಹದ ಹೋಗಿರಲಿಲ್ಲ.

1975ರಲ್ಲಿ ತುರ್ತು ಪರಿಸ್ಥಿತಿ ಬಂತು. ಹೋಟೆಲ್ ತಿಂಡಿಯ ಬೆಲೆಗೆ ಸರ್ಕಾರ ಕಡಿವಾಣ ಹಾಕಿತು. ಆ ಬೆಲೆಗೆ ತುಪ್ಪದ ತಿಂಡಿ ಕೊಟ್ಟರೆ ನಷ್ಟ, ತುಪ್ಪ ಬಿಟ್ಟರೆ ಹೆಸರು ಹೋಗುತ್ತದೆ. ಅದೇ ಬಿಕ್ಕಟ್ಟಿನಲ್ಲಿ ಎಂಟಿಆರ್‌ನವರು ತಿಂಡಿಯ ಹಿಟ್ಟನ್ನೇ ಪೊಟ್ಟಣ ಕಟ್ಟಿ ಮಾರುವ ದಾರಿ ಹಿಡಿದರು. 2007ರಲ್ಲಿ ಆ ಪೊಟ್ಟಣದ ವ್ಯವಹಾರವನ್ನು ನಾರ್ವೆಯ ಓರ್ಕ್ಲಾ ಕಂಪನಿ ಕೊಂಡುಕೊಂಡಿತು. ಹೋಟೆಲು ಮನೆಯವರ ಬಳಿಯೇ ಉಳಿಯಿತು.

ಇಷ್ಟನ್ನೆಲ್ಲ ನಾನು ಆಮೇಲೆ ಬಲ್ಲವನಾದೆ. ಹೊತ್ತಿಗೆ ಬುದ್ಧಿ ಬರಲಿಲ್ಲ.

2009ರ ಆರಂಭದಲ್ಲಿ ವಾಹನದ ಬಿಡಿಭಾಗಗಳಿಗೆ ನನಗೆ ಬರುತ್ತಿದ್ದ ಆರ್ಡರ್ ಒಂದೇ ತಿಂಗಳಲ್ಲಿ ಮುಕ್ಕಾಲು ಪಾಲು ಇಳಿಯಿತು. ಶೆಡ್ಡಿನಲ್ಲಿ ಆರು ಜನ ಇದ್ದರು. ಯಾರೊಡನೆಯೂ ಲೆಕ್ಕ ಹೇಳದೆ ಇಬ್ಬರಿಗೆ ಸಂಬಳ ಕೊಟ್ಟು ಮನೆಗೆ ಕಳಿಸಿದೆ. ಯಜಮಾನನಾದವನು ಹೀಗೆಯೇ ಗಟ್ಟಿಯಾಗಿ ನಿಂತು ತೀರ್ಮಾನ ಮಾಡಬೇಕು ಎಂದುಕೊಂಡಿದ್ದೆ. ಅದು ಗಟ್ಟಿತನವಲ್ಲ, ಮುಖ ತಪ್ಪಿಸುವ ಕೆಲಸ.

ಮುಂದಿನ ತಿಂಗಳೂ ಆರ್ಡರ್ ಕೈಗೆ ಬಾರದಾಗ ಉಳಿದ ನಾಲ್ವರ ಮುಂದೆ ಲೆಕ್ಕದ ಪುಸ್ತಕ ತೆರೆದಿಟ್ಟೆ. ಕರೆಂಟ್ ಬಿಲ್ಲು, ಬಾಡಿಗೆ, ಬ್ಯಾಂಕಿನ ಕಂತು, ಎಲ್ಲ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಹುಡುಗನೊಬ್ಬ, "ಸಾರ್, ನಮ್ಮ ಬೀದಿಯ ಹೋಟೆಲಿನ ರುಬ್ಬುವ ಯಂತ್ರದ ಶಾಫ್ಟ್ ತಿಂಗಳಿಗೊಮ್ಮೆ ಸವೆಯುತ್ತದೆ. ನಾವೇ ತಿರುಗಿಸಿ ಕೊಡಬಹುದಲ್ಲ?" ಎಂದ. ಅದೇ ಲೇತ್, ಅದೇ ಕೈ. ವಾಹನಕ್ಕೆ ತಿರುಗಿಸುತ್ತಿದ್ದ ಕಂಬಿಯನ್ನು ಹಿಟ್ಟಿನ ಯಂತ್ರಕ್ಕೆ ತಿರುಗಿಸಿದೆವು. ಆರು ತಿಂಗಳಲ್ಲಿ ಹದಿನೇಳು ಹೋಟೆಲುಗಳು ನಮ್ಮ ಗಿರಾಕಿಗಳಾದವು. ದೊಡ್ಡ ಲಾಭವೇನಲ್ಲ, ಕಂತು ಮಾತ್ರ ತಪ್ಪಲಿಲ್ಲ.

ಕಳಿಸಿದ ಇಬ್ಬರಿಗೂ ಫೋನ್ ಮಾಡಿದೆ. ಒಬ್ಬರು ಮರುದಿನವೇ ಬಂದರು. ಇನ್ನೊಬ್ಬರು, ಹಿಂದೆ ಹೋಟೆಲಿನಲ್ಲೇ ರುಬ್ಬುವ ಕೆಲಸ ಮಾಡಿದ್ದವರು, ಫೋನ್ ಎತ್ತಲಿಲ್ಲ.