ಜೈಲಿಗೆ ಹಾಕಿ, ಪದಕ ಮುಟ್ಟಬೇಡಿ

ಮಂಗಳೂರು ಆಕಾಶವಾಣಿಯ ಕೇಳುಗರಿಗೆ ನಮಸ್ಕಾರ. ಬೀಡಿ ಕಟ್ಟುತ್ತಾ ಕೇಳುತ್ತಿರುವ ಅಕ್ಕಂದಿರಿಗೂ, ಊರಿಗೆ ಮರಳಿದ ಮಾಜಿ ಸೈನಿಕರಿಗೂ.

ಯುದ್ಧದಲ್ಲಿ ಪದಕ ಗೆದ್ದವನೊಬ್ಬ ಆಮೇಲೆ ಅಪರಾಧ ಮಾಡಿ ಜೈಲಿಗೆ ಹೋದ. ಪದಕ ವಾಪಸ್ ಕಿತ್ತುಕೊಳ್ಳಬೇಕಾ? ಬೇಡ. ಜೈಲಿಗೆ ಹಾಕಿ, ದಂಡ ಹಾಕಿ, ಪದಕ ಮುಟ್ಟಬೇಡಿ. ಕಂಬಳದಲ್ಲಿ ಚಿನ್ನ ಗೆದ್ದ ಕೋಣದ ಯಜಮಾನರು ನಾಳೆ ಚೆಕ್ ಬೌನ್ಸ್ ಕೇಸಿನಲ್ಲಿ ಸಿಕ್ಕಿಬಿದ್ದರೆ, ಕೋಣ ಓಡಲೇ ಇಲ್ಲ ಅಂತ ಬರೆಯುತ್ತೀರಾ?

ಜೇಮ್ಸ್ ಕಾಲಿಸ್ ಅಂತ ಒಬ್ಬ ಇದ್ದ. ಬ್ರಿಟಿಷ್ ಫಿರಂಗಿ ದಳದ ಸಿಪಾಯಿ. 1880ರ ಜುಲೈ, ಅಫ್ಘಾನಿಸ್ತಾನ. ಮೈವಂದ್‌ನಲ್ಲಿ ಸೋತ ಸೈನ್ಯ ಕಂದಹಾರದ ಕಡೆ ಹಿಂದೆ ಸರಿಯುತ್ತಿದೆ. ಗಾಯಾಳುಗಳಿದ್ದ ಫಿರಂಗಿ ಬಂಡಿಯ ಮೇಲೆ ಗುಂಡಿನ ಮಳೆ. ಇವನು ಏನು ಮಾಡಿದ ಗೊತ್ತಾ? ಮುಂದಕ್ಕೆ ಓಡಿದ. ಗುಂಡೆಲ್ಲ ತನ್ನ ಕಡೆ ತಿರುಗಲಿ ಅಂತ. ತಿರುಗಿತು ಕೂಡ! 1881ರಲ್ಲಿ ಪುಣೆಯಲ್ಲಿ ವಿಕ್ಟೋರಿಯಾ ಕ್ರಾಸ್ ಕೊಟ್ಟರು, ಬ್ರಿಟನ್ನಿನ ಅತಿ ದೊಡ್ಡ ಶೌರ್ಯ ಪದಕ. ಆಮೇಲೆ ಬಾಂಬೆ ಪೊಲೀಸ್‌ನಲ್ಲೂ ಇದ್ದ. ಕೊನೆಗೆ ಸಿಕ್ಕಿಬಿದ್ದದ್ದು ಯಾತಕ್ಕೆ? ಹೆಂಡತಿ ಇರುವಾಗಲೇ ಇನ್ನೊಂದು ಮದುವೆಯಾದದ್ದಕ್ಕೆ. ತಪ್ಪೇ, ಮಾರಾಯ್ರೆ. ಆ ಹೆಂಗಸರ ಪಾಡು ಸಣ್ಣದಲ್ಲ. ಶಿಕ್ಷೆ ಆಗಬೇಕು, ಆಯಿತು. ಆದರೆ 1895ರಲ್ಲಿ ಪದಕವೂ ಹೋಯಿತು. ಅದು ಆಗಲೇ ಗಿರವಿ ಅಂಗಡಿ ಸೇರಿತ್ತು, ಎಂಟು ಶಿಲ್ಲಿಂಗ್‌ಗೆ. ಇಷ್ಟಾದರೂ ಮೊದಲ ಮಹಾಯುದ್ಧ ಬಂದಾಗ ಈ ಮುದುಕ ಮತ್ತೆ ಸೈನ್ಯಕ್ಕೆ ಸೇರಿದ. 1918ರಲ್ಲಿ ತೀರಿಕೊಂಡ. ಎರಡನೇ ಮದುವೆ ಆದ ಅಂತ ಕಂದಹಾರದ ಆ ಓಟ ಸುಳ್ಳಾಗುತ್ತದಾ?

ಹೀಗೆ 1861ರಿಂದ 1908ರವರೆಗೆ ಎಂಟು ಜನರ ವಿಕ್ಟೋರಿಯಾ ಕ್ರಾಸ್ ಕಿತ್ತುಕೊಂಡರು. ಒಬ್ಬನದ್ದು ದನ ಕದ್ದದ್ದಕ್ಕೆ! ಅವನು 1857ರಲ್ಲಿ ದೆಹಲಿಯಲ್ಲಿ ಬೆಂಕಿ ಹತ್ತಿದ ಮದ್ದಿನ ಪೆಟ್ಟಿಗೆ ಎತ್ತಿ ಎಸೆದವನು. ನಮ್ಮವರ ವಿರುದ್ಧ ನಿಂತಿದ್ದ, ಅದು ಬೇರೆ ಮಾತು. ಆಮೇಲೆ ಬ್ರಿಟನ್ನಿನ ರಾಜ ಐದನೇ ಜಾರ್ಜ್ ಹೀಗೆ ಕಿತ್ತುಕೊಳ್ಳುವುದು ಬೇಡ ಅಂದ. ಕೊಲೆ ಮಾಡಿ ನೇಣಿಗೆ ಹೋದರೂ ಗಲ್ಲುಗಂಬದ ಮೇಲೆ ಪದಕ ಹಾಕಿಕೊಳ್ಳಲಿ ಅಂತ 1920ರಲ್ಲಿ ತನ್ನ ಕಾರ್ಯದರ್ಶಿಯಿಂದ ಬರೆಸಿದ. ಅದೇ ಸರಿ.

ಇನ್ನು ಸಮಯ ಕಮ್ಮಿ. ನಮ್ಮ ಪರಮವೀರ ಚಕ್ರದ ನಿಯಮದಲ್ಲೂ ಪದಕ ರದ್ದು ಮಾಡುವ ಅಧಿಕಾರ ರಾಷ್ಟ್ರಪತಿಯವರಿಗೆ ಇದೆ. ಮರಳಿ ಕೊಡುವ ಅಧಿಕಾರವೂ ಇದೆ. ಇದೆ ಅಂತ ಸುಮ್ನೆ ಬಳಸಬೇಕಾ? ಪದಕ ಮುಟ್ಟಬೇಡಿ.

ಪಿಂಚಣಿ ಬಗ್ಗೆ ಕೇಳುವವರೇ ಜಾಸ್ತಿ. ಅದು ಬೇರೆ ವಿಷಯ. ಗಂಭೀರ ಅಪರಾಧ ಸಾಬೀತಾದರೆ ಪಿಂಚಣಿ ತಡೆಹಿಡಿಯಲು ನಿಯಮವಿದೆ. ಅಂಥ ಕೇಸು ಇದ್ದವರು ಕಾಗದಪತ್ರ ಹಿಡಿದು ಸೈನಿಕ ಕಲ್ಯಾಣ ಕಚೇರಿಗೆ ಹೋಗಿ ಕೇಳಿ. ನಮಸ್ಕಾರ.